ನಡುಹಳ್ಳದ ಲೆಕ್ಕ

ಕೊಲೆಯಾದವರನ್ನು ಲಕ್ಷದಿಂದ ಗುಣಿಸಿ ಊರಿನ ಜನಸಂಖ್ಯೆಯಿಂದ ಭಾಗಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಲೆಕ್ಕದ ಯಂತ್ರದ ಹಿಡಿಕೆಯನ್ನು ಕೆಲವು ಸುತ್ತು ತಿರುಗಿಸಿದರೆ ಗರಗರ ಸದ್ದು ಮಾಡಿ ಉತ್ತರವನ್ನು ಅದೇ ಮುಂದಿಡುತ್ತದೆ. ಆದರೆ ಚಿತ್ರದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಅಂಕಿಸಂಖ್ಯೆ ನೋಡಿಕೊಳ್ಳುತ್ತಿದ್ದ ಶಿವಕುಮಾರಪ್ಪನಿಗೆ ಅವತ್ತು ಬೆಳಿಗ್ಗೆ ಹಿಡಿಕೆ ಮುಟ್ಟುವುದಕ್ಕೇ ಮನಸ್ಸಾಗಲಿಲ್ಲ. ಕಿಟಕಿಯಾಚೆ ಕೋಟೆಯ ಬಂಡೆಗಳ ಮೇಲೆ ಬಿಸಿಲು ಆಗಲೇ ಏರಿತ್ತು. ಟೈಪು ಮಾಡುವ ಪಾರ್ವತಮ್ಮ ಹಾಳೆಗಳ ನಡುವೆ ಕಾರ್ಬನ್ ಇಟ್ಟುಕೊಂಡು, “ನಮ್ಮೂರಿಗೆ ಎಷ್ಟು ಬಿತ್ತು ಸಾರ್ ಈ ಸಲ?” ಎಂದು ಮಾರ್ಕು ಕೇಳುವ ಹಾಗೆ ಕೇಳಿದಳು. ಅವಳ ಊರು ಹಿರಿಯೂರು. ಇನ್ನೂ ಆಗಿಲ್ಲ ಎಂದ. “ಸ್ವಲ್ಪ ನೋಡ್ಕಂಡು ಹಾಕ್ರಿ. ನಮ್ಮೂರ ಮೇಲೆ ಹೈವೇ ಹೋಗ್ತೈತೆ. ಎಲ್ಲೆಲ್ಲಿಯೋರೋ ಬಂದು ನಮ್ಮ ಸರಹದ್ದಿನಾಗೆ ಸಾಯ್ತಾರೆ. ಅದಕ್ಕೆ ನಾವೇನ್ ಮಾಡಾಕಾಗ್ತೈತೆ?” ಎಂದು ನಕ್ಕಳು. ಅವನಿಗೂ ನಗು ಬಂತು. ಬಂದದ್ದು ಅರ್ಧಕ್ಕೇ ನಿಂತಿತು, ಏಕೆಂದರೆ ಅವಳು ತಮಾಷೆಗೆ ಅಂದದ್ದೇ ಒಂದು ವರ್ಷದಿಂದ ಅವನನ್ನು ಒಳಗೊಳಗೇ ಕೊರೆಯುತ್ತಿದ್ದ ಮಾತು.

ಹಿಂದಿನ ವರ್ಷ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ನಾಲ್ಕು ಊರುಗಳನ್ನು ಸಾಲಾಗಿ ಬರೆದು, ಎದುರಿಗೆ ಲಕ್ಷಕ್ಕೆ ಎಷ್ಟು ಕೊಲೆ ಎಂದು ತೋರಿಸುವ ಪಟ್ಟಿಯನ್ನು ಮೊದಲ ಸಲ ಮಾಡಿದವನು ಅವನೇ. ಸಾಹೇಬರು ಬೆನ್ನು ತಟ್ಟಿದ್ದರು. ಪಟ್ಟಿಯಲ್ಲಿ ಹೊಸದುರ್ಗ ಎಲ್ಲರಿಗಿಂತ ಮೇಲೆ, ಅದೂ ಉಳಿದವರು ಕತ್ತೆತ್ತಿ ನೋಡಬೇಕಾದಷ್ಟು ಮೇಲೆ ಹೋಗಿ ನಿಂತಿತ್ತು. ತೆಂಗಿನಕಾಯಿ ವ್ಯಾಪಾರ ಮಾಡಿಕೊಂಡು ತನ್ನ ಪಾಡಿಗೆ ತಾನಿದ್ದ ಊರು ಕೊಲೆಗಡುಕರ ಊರಾಯಿತು. ಅದಾಗಿ ತಿಂಗಳು ಕಳೆದ ಮೇಲೆ, ಒಂದು ದಿನ ಮಜ್ಜಿಗೆ ಕುಡಿಯುತ್ತಿದ್ದಾಗ, ಯಾವ ಕಾರಣವೂ ಇಲ್ಲದೆ ಅವನಿಗೆ ತನ್ನ ತಪ್ಪು ಹೊಳೆಯಿತು. ಕೊಲೆಗಳನ್ನು ಅವನು ತೆಗೆದುಕೊಂಡದ್ದು ಊರ ಸುತ್ತಲ ಠಾಣೆಗಳಿಂದ. ಆ ಠಾಣೆಗಳ ಸರಹದ್ದು ಹಳ್ಳಿ, ಹಟ್ಟಿ, ಹುಲ್ಲುಗಾವಲು ಎಲ್ಲ ದಾಟಿ ಎಲ್ಲಿಗೋ ಹೋಗುತ್ತದೆ. ಜನಸಂಖ್ಯೆ ತೆಗೆದುಕೊಂಡದ್ದು ಎಪ್ಪತ್ತೊಂದರ ಜನಗಣತಿಯ ಪುಸ್ತಕದಿಂದ, ಪೇಟೆಯ ಎಲ್ಲೆಯೊಳಗಿನದು ಮಾತ್ರ. ಸತ್ತವರನ್ನು ಹಳ್ಳಿಹಳ್ಳಿಗಳಿಂದ ಕೂಡಿಸಿಕೊಂಡು, ಬದುಕಿರುವವರನ್ನು ಪೇಟೆಯೊಳಗೆ ಎಣಿಸಿದ್ದ. ಗೆರೆಯನ್ನು ಸ್ವಲ್ಪ ಆಚೆ ಸರಿಸಿದರೆ ಹೊಸದುರ್ಗ ಸಾಧು, ಈಚೆ ಎಳೆದರೆ ಕಟುಕ. ಅವನು ಬಾಯಿ ಬಿಡಲಿಲ್ಲ. ಈ ಸಲ ಸರಿ ಮಾಡಿದರಾಯಿತು ಎಂದುಕೊಂಡ. ಆದರೆ ಈ ಸಲ ಠಾಣೆಗಳಿಂದ ಬಂದ ವರದಿ ನೋಡಿದರೆ ಇನ್ನೊಂದು ತಕರಾರು. ಹೊಸದುರ್ಗದ ಕಡೆಯ ಈಚಲಹಳ್ಳದ ಠಾಣೆ, ಜುಂಜಯ್ಯ ಎಂಬ ಕುರಿಗಾರನ ಸಾವು ಕೆಂಗುಡ್ಡದ ಠಾಣೆಗೆ ಸೇರಿದ್ದು ಎಂದು ಷರಾ ಬರೆದಿತ್ತು. ಹೊಳಲ್ಕೆರೆ ಕಡೆಯ ಕೆಂಗುಡ್ಡದ ಠಾಣೆ, ಅದೇ ಸಾವು ಈಚಲಹಳ್ಳದ ಠಾಣೆಗೆ ಸೇರಿದ್ದು ಎಂದು ಬರೆದಿತ್ತು. ಇಬ್ಬರೂ ಕೈತೊಳೆದುಕೊಂಡಿದ್ದರು. ಒಂದು ಸಾವು ತಾನೇ, ಬಿಟ್ಟುಬಿಡಿ ಎಂದರು ಸಾಹೇಬರು. ಹೋಗಿ ವಿಚಾರಿಸಿಕೊಂಡು ಬರುತ್ತೇನೆ ಎಂದು ಶಿವಕುಮಾರಪ್ಪ ಹಟ ಹಿಡಿದು ಬಸ್ಸು ಹತ್ತಿದ.

ಹೊಳಲ್ಕೆರೆಯಲ್ಲಿ ಬಸ್ಸು ಬದಲಾಯಿಸಿದ. ಎರಡನೆಯ ಬಸ್ಸಿನಲ್ಲಿ ಅಡಿಕೆ ಚೀಲಗಳಿಗೆ ಸಿಕ್ಕಷ್ಟು ಜಾಗ ಮನುಷ್ಯರಿಗೆ ಸಿಗಲಿಲ್ಲ. ಕಂಬಿ ಹಿಡಿದು ನಿಂತಿದ್ದವನಿಗೆ ಕಿಟಕಿಯಲ್ಲಿ ಹಳ್ಳಿಗಳ ಹೆಸರಿನ ಕಲ್ಲುಗಳು ಬಂದು ಬಂದು ಹೋಗುತ್ತಿದ್ದವು. ಇಲ್ಲಿಗೆ ಒಂದೂರು ಮುಗಿಯಿತು, ಇಲ್ಲಿಂದ ಇನ್ನೊಂದೂರು ಎಂದು ಎದ್ದುಕಾಣುವ ಗುರುತು ಏನೂ ಇರಲಿಲ್ಲ. ಅದೇ ಜಾಲಿ, ಅದೇ ಕೆಂಪು ಮಣ್ಣು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ತೀರಿಕೊಂಡ ತಮ್ಮನನ್ನು ಜೀಪಿನಲ್ಲಿ ತಂದ ದಿನವೂ ಹೀಗೇ ಇತ್ತು. ಹಿರಿಯೂರು ದಾಟಿ ತಮ್ಮ ಹಳ್ಳಿಯ ಹುಣಸೆಮರ ಕಾಣುತ್ತಲೇ ದೊಡ್ಡಪ್ಪ ಅಡ್ಡ ಬಂದು ಕೈ ತೋರಿಸಿ ಜೀಪು ನಿಲ್ಲಿಸಿದ್ದರು. ಊರ ಹೊರಗೆ ಹೋದ ಜೀವದ ದೇಹ ಊರೊಳಗೆ ಬರುವ ಹಾಗಿರಲಿಲ್ಲ. ಅಷ್ಟು ಹತ್ತಿರದಲ್ಲಿ ಮನೆಯ ಹೆಂಚು ಕಾಣುತ್ತಿದ್ದರೂ ಅಮ್ಮನನ್ನೇ ಹುಣಸೆಮರದ ತನಕ ನಡೆಸಿಕೊಂಡು ಬಂದರು. ಅಮ್ಮ ಅತ್ತದ್ದಕ್ಕಿಂತ ಜೀಪಿನ ಡ್ರೈವರು ಬೀಡಿ ಹಚ್ಚಿಕೊಂಡು, ಇದೇನು ಜನವಪ್ಪಾ ಎಂಬಂತೆ ತನ್ನ ಕಡೆ ನೋಡಿದ್ದು ಶಿವಕುಮಾರಪ್ಪನಿಗೆ ಹೆಚ್ಚು ನೆನಪಿದೆ. ಅವತ್ತು ಅವನಿಗೆ ದುಃಖಕ್ಕಿಂತ ಮೊದಲು ನಾಚಿಕೆಯಾಗಿತ್ತು. ಅದು ನೆನಪಾದಾಗಲೆಲ್ಲ ಆಗುವ ಸಂಕಟ ಈಗಲೂ ಆಯಿತು, ಕಂಡಕ್ಟರು ಎರಡು ಸಲ ಕೇಳಿದ ಮೇಲೆ ಅವನು ಚೀಟಿ ತೋರಿಸಿದ. ಬಿ.ದುರ್ಗ ದಾಟಿ ಸ್ವಲ್ಪ ದೂರಕ್ಕೆ ರಸ್ತೆ ಒಂದು ಒಣಹಳ್ಳಕ್ಕೆ ಬಂದು ನಿಂತಿತು. ಸೇತುವೆ ಇಲ್ಲದ್ದರಿಂದ ಬಸ್ಸು ಅಲ್ಲಿಗೇ ತಿರುಗಿಕೊಳ್ಳುತ್ತಿತ್ತು. ಇಳಿದು, ಚಪ್ಪಲಿಯೊಳಗೆ ಮರಳು ತುಂಬಿಕೊಳ್ಳುತ್ತ ಹಳ್ಳ ದಾಟಿ, ಆಚೆಯ ಈಚಲಹಳ್ಳಕ್ಕೆ ನಡೆದ.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರು ಇರಲಿಲ್ಲ. ಜುಂಜಯ್ಯನ ವಿಚಾರಕ್ಕೆ ಚಿತ್ರದುರ್ಗದಿಂದ ಬಂದಿದ್ದೇನೆ ಎಂದದ್ದಕ್ಕೆ, ಊಟಕ್ಕೆ ಹೋಗಿದ್ದಾರೆ, ಬರುತ್ತಾರೆ ಎಂದ ಪೇದೆ, ಇವನ ಕೈಚೀಲವನ್ನು ಒಮ್ಮೆ ಇವನ ಮುಖವನ್ನು ಒಮ್ಮೆ ನೋಡಿ ಕೂರಲು ಹೇಳುವುದೋ ಬೇಡವೋ ಎಂದು ಯೋಚಿಸಿ, ಕೊನೆಗೆ ಹೇಳಲಿಲ್ಲ. ಹೊರಗೆ ಬೇವಿನ ನೆರಳಲ್ಲಿ ಒಬ್ಬ ಮುದುಕರು ಕಂಬಳಿ ತಲೆಗಿಟ್ಟುಕೊಂಡು ಮಲಗಿದ್ದರು. ಪಕ್ಕದಲ್ಲಿ ಮೊಣಕಾಲು ತಬ್ಬಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಮುಂಗೈ ಬಳೆ ಒಡೆದಿದ್ದ ಜಾಗದಲ್ಲಿ ಚರ್ಮ ಇನ್ನೂ ಬೆಳ್ಳಗಿತ್ತು. “ನೀವು ದುರ್ಗದೋರಾ ಸ್ವಾಮಿ? ಜುಂಜಯ್ಯನ ಸಾವಿನ ವಿಚಾರ ಕೇಳಾಕೆ ಬಂದೀರಂತಲ್ಲ? ನಾನು ಅವನ ಹೆಂಡ್ರು, ಕಾಳಕ್ಕ” ಎಂದಳು. ಎರಡು ವರದಿಗಳ ಷರಾದಲ್ಲಿ ಸಿಕ್ಕಿಕೊಂಡಿದ್ದ ಹೆಸರಿಗೆ ಒಬ್ಬ ಹೆಂಡತಿ ಇರಬಹುದೆಂದು ಅವನು ಯೋಚಿಸಿಯೇ ಇರಲಿಲ್ಲ. ಮುದುಕರು ಓಬಯ್ಯನವರು, ಹಳ್ಳದಾಚೆಯ ಅವಳ ಹಟ್ಟಿಯ ಯಜಮಾನರು. ಅವಳ ಜೊತೆಗೆಂದು ಅವರೂ ಈ ಠಾಣೆಗೂ ಆ ಠಾಣೆಗೂ ತಿರುಗಿ ತಿರುಗಿ ದಣಿದಿದ್ದರು. ಎಲ್ಲಿ ಬಿದ್ದರು ನಿಮ್ಮ ಮನೆಯವರು ಎಂದು ಅವನು ಮೆಲ್ಲಗೆ ಕೇಳಿದ. ಅವಳು ಮುದುಕರತ್ತ ಒಮ್ಮೆ ನೋಡಿ, ಅವರು ನಿದ್ದೆಯಲ್ಲಿದ್ದಾರೆ ಎಂದು ಖಾತ್ರಿ ಮಾಡಿಕೊಂಡು, “ಬರ್ರಿ, ತೋರಿಸ್ತೀನಿ. ಇಲ್ಲೇ ಐತೆ” ಎಂದು ಎದ್ದಳು.

ಅವನು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದರು. ಅವಳು ಮುಂದೆ, ಅವನು ಹಿಂದೆ. ನಾನು ದೊಡ್ಡ ಸಾಹೇಬನಲ್ಲಮ್ಮ, ಬರೀ ಲೆಕ್ಕ ಬರೆಯುವವನು ಎಂದು ದಾರಿಯಲ್ಲೇ ಹೇಳಿಬಿಡಬೇಕು ಎಂದುಕೊಂಡ. ಹೇಳಿದರೆ ಅವಳ ನಡಿಗೆ ನಿಧಾನವಾದೀತು ಎಂದು ಹೇಳಲಿಲ್ಲ. ಹಳ್ಳದ ಈಚೆ ದಡದಲ್ಲಿ ತೆಂಗಿನ ತೋಟದ ಬೇಲಿಯ ಹತ್ತಿರ ಅವಳು ನಿಂತಳು. ಹೊಲದಲ್ಲಿ ಕುರಿ ತರುಬಿ ಮಲಗಿಸಿದ್ದರಂತೆ, ಗೊಬ್ಬರಕ್ಕೆ. ಬೆಳಗಿನ ಜಾವ ನಾಲ್ಕಾರು ಕುರಿ ತೋಟಕ್ಕೆ ನುಗ್ಗಿದ್ದವು. ಕಾವಲಿನ ಪಾಪಣ್ಣ ಬಂದು ಬಾಯಿಗೆ ಬಂದಂತೆ ಬೈದ, ಜುಂಜಯ್ಯನೂ ಬೈದ, ಪಾಪಣ್ಣ ದೊಣ್ಣೆ ಬೀಸಿದ. “ಇಲ್ಲಿ ಬಿದ್ದ” ಎಂದು ಅವಳು ಕಾಲ ಹೆಬ್ಬೆರಳಿನಿಂದ ಮಣ್ಣು ತೋರಿಸಿದಳು. ಅಲ್ಲಿ ಏನೂ ಇರಲಿಲ್ಲ, ಒಂದಿಷ್ಟು ಕುರಿಹಿಕ್ಕೆ ಮಾತ್ರ. ಶಿವಕುಮಾರಪ್ಪ ಎರಡೂ ದಡಗಳ ಬಾಂದುಕಲ್ಲುಗಳನ್ನು ನೋಡಿದ. ಇದು ಹೊಸದುರ್ಗ, ಅದು ಹೊಳಲ್ಕೆರೆ. ಇಷ್ಟು ಸ್ಪಷ್ಟವಾಗಿದೆಯಲ್ಲ, ಹಾಗಾದರೆ ವರದಿಯಲ್ಲಿರುವಂತೆ ದೇಹ ಆಚೆ ದಡದಲ್ಲಿ ಸಿಕ್ಕಿದ್ದು ಹೇಗೆ ಎಂದು ಕೇಳಿದ.

“ನಾನೇ ಹೊತ್ಕಂಡು ಹೋದೆ” ಎಂದಳು ಕಾಳಕ್ಕ. “ಉಸಿರು ಇತ್ತು ಸ್ವಾಮಿ. ಈ ಕಡೆಗೇ ಜೀವ ಹೋಗಿಬಿಟ್ರೆ ನಮ್ಮ ಹಟ್ಟಿಗೆ ಸೇರಸಲ್ಲ, ಹೊರಗಿನ ಹೆಣ ಆಗ್ತಾನೆ. ಅವರಪ್ಪನ ಪಕ್ಕದಾಗೆ ಮಣ್ಣು ಸಿಗಲ್ಲ. ಬಡಕಲು ಜೀವ ಅವಂದು. ಕಂಬಳ್ಯಾಗೆ ಕಟ್ಟಿ ಬೆನ್ನಿಗೆ ಹಾಕ್ಕಂಡೆ.” ಅವಳು ಮಾತಾಡುತ್ತಲೇ ಮರಳಿಗೆ ಇಳಿದಳು, ಅವನೂ ಇಳಿದ. “ಕುತ್ತಿಗೆಗೆ ಬಿಸಿ ತಾಗ್ತಿತ್ತು, ಅವನ ಉಸಿರು. ತಾಗ್ತದೆ, ನಿಲ್ತದೆ, ತಾಗ್ತದೆ. ತಡಕಳೋ, ಬಂದ್ವಿ ಕಣೋ ಅಂತ ಬೈತಾ ನಡದೆ.” ಹಳ್ಳದ ನಟ್ಟನಡುವೆ ಅವಳ ಕಾಲು ತಾನಾಗಿಯೇ ನಿಂತಿತು. “ಇಲ್ಲಿಗೆ ಬಂದಾಗ ತಾಗಲಿಲ್ಲ.” ಸೆರಗು ಹೆಗಲಿಗೆ ಎಳೆದುಕೊಂಡಳು. “ಇಳಿಸಿ ನೋಡಲಿಲ್ಲ ಸ್ವಾಮಿ. ಇಳಿಸಿದ್ರೆ ಗೊತ್ತಾಗಿಬಿಡ್ತಿತ್ತು. ನಡಕಂಡು ಹೋದೆ. ದಡ ಹತ್ತಿ ಇಳಿಸಿ, ಉಸಿರೈತೆ, ನೀರು ತರ್ರಿ ಅಂತ ಕೂಗಿದೆ. ನೀರು ತಂದು ಬಾಯಿಗೆ ಬಿಟ್ರು. ಡಾಕ್ಟ್ರು ಅಲ್ಲಿಗೇ ಬಂದು ತಲೆಗೆ ಪೆಟ್ಟು ಬಿದ್ದೈತೆ ಅಂತ ಬರ್ಕಂಡ್ರು. ಅವರಪ್ಪನ ಪಕ್ಕದಾಗೇ ಮಲಗವ್ನೆ. ಓಬಯ್ಯ ದೊಡ್ಡಪ್ಪಗೂ ಹೇಳಿಲ್ಲ ಇದನ್ನ.” ಶಿವಕುಮಾರಪ್ಪ ಅವಳ ಕುತ್ತಿಗೆಯ ಕಡೆ ನೋಡಿ, ನೋಡಬಾರದ್ದನ್ನು ನೋಡಿದವನಂತೆ ಕಣ್ಣು ತಪ್ಪಿಸಿದ. ಗೆರೆ ಹಳ್ಳದ ನಡುವೆ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಅವನ ಪಟ್ಟಿಯಲ್ಲಿ ಗೆರೆಗೆ ಅಗಲವಿರಲಿಲ್ಲ, ಅದರ ಮೇಲೆ ಒಬ್ಬ ಮನುಷ್ಯ ಸಾಯುವಷ್ಟು ಜಾಗವಿದೆಯೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಹಿಂದಿರುಗುವಷ್ಟರಲ್ಲಿ ಸಬ್ ಇನ್ಸ್‌ಪೆಕ್ಟರು ಬಂದಿದ್ದರು. ನಡುವಯಸ್ಸಿನ, ಕೆಟ್ಟವರೇನೂ ಅಲ್ಲದ, ಊಟವಾದ ಮೇಲಿನ ಆಕಳಿಕೆಯನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಮರ್ಯಾದಸ್ತರು. ಓಬಯ್ಯನವರೂ ಎದ್ದು ಬಂದು ಬಾಗಿಲ ಹತ್ತಿರ ನಿಂತರು. ಶಿವಕುಮಾರಪ್ಪ ತಾನು ಯಾರೆಂದು ಹೇಳಿ, ಎರಡು ವರದಿಗಳ ತಕರಾರನ್ನು ವಿವರಿಸಿದ. ಅಂಕಿಸಂಖ್ಯೆ ಎಂದ ಕೂಡಲೇ ಅವರ ಆಕಳಿಕೆ ನಿಂತುಹೋಯಿತು. “ಓಹೋ, ಆ ಪಟ್ಟಿ ಮಾಡಿದವರು ನೀವೇನಾ?” ಎಂದರು. “ಕಳೆದ ವರ್ಷ ಮೀಟಿಂಗಿನಲ್ಲಿ ಹೊಸದುರ್ಗ ಕಡೆಯವರೆಲ್ಲ ಎದ್ದು ನಿಂತ್ಕೊಳ್ಳಿ ಅಂದ್ರು. ಸ್ಕೂಲ್ ಹುಡುಗರ ಥರ ನಿಂತ್ವಿ. ಹೊಳಲ್ಕೆರೆಯವರನ್ನ ನೋಡಿ ಕಲೀರಿ ಅಂದ್ರು. ನಲವತ್ತೆಂಟು ವರ್ಷ ನನಗೆ, ಮಗಳ ಮದುವೆ ಆಗಿದೆ. ಅವತ್ತೇ ಅಂದ್ಕೊಂಡೆ, ಇನ್ನು ಮೇಲೆ ನನ್ನ ಸರಹದ್ದಿಗೆ ಒಂದು ಹೆಣವನ್ನೂ ಪುಕ್ಕಟೆ ಸೇರಿಸಲ್ಲ ಅಂತ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಶಿವಕುಮಾರಪ್ಪನಿಗೆ ಹಗುರವಾಗುತ್ತಿತ್ತು. ಜುಂಜಯ್ಯನನ್ನು ಲೆಕ್ಕದಿಂದ ಹೊರಗೆ ತಳ್ಳಿದ್ದು ಈ ಮನುಷ್ಯನಲ್ಲ, ತನ್ನ ಯಂತ್ರದ ಹಿಡಿಕೆಯೇ ಎಂದು ಅವನಿಗೆ ನಿಂತ ನಿಲುವಿನಲ್ಲೇ ಅರ್ಥವಾಯಿತು. ಆ ಪಟ್ಟಿ ತಪ್ಪು ಸಾರ್, ಭಾಗಿಸಿದ್ದೇ ತಪ್ಪು ಎಂದ. ಮಾತು ಎಷ್ಟು ಸಣ್ಣದಾಗಿ ಬಂತೆಂದರೆ ಅವರು “ಏನಂದ್ರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾಳಕ್ಕನ ಕಡೆ ತಿರುಗಿದರು.

“ನೋಡಮ್ಮ, ಎಷ್ಟು ಸಲ ಹೇಳಿದೀನಿ. ಹೊಡೆದದ್ದು ಈ ಕಡೆ ಅಂತ ನೀನು ಹೇಳ್ತೀಯ. ಆದರೆ ಹಳ್ಳ ದಾಟೋ ತನಕ ಜೀವ ಇತ್ತು ಅಂತ ನಿಮ್ಮ ಹಟ್ಟಿಯವರೆಲ್ಲ ಸಾಕ್ಷಿ ಹೇಳ್ತಾರೆ. ಜೀವ ಆ ಕಡೆ ಹೋಗಿದ್ರೆ ಕೊಲೆಯೂ ಆ ಕಡೆಯದು. ಕೆಂಗುಡ್ಡದವರು ಬರ್ಕೊಳ್ಳಲಿ.”

“ಅವರು ಬರ್ಕಳಲ್ಲ ಸ್ವಾಮಿ. ಪೆಟ್ಟು ಬಿದ್ದದ್ದು ಎಲ್ಲೋ ಅಲ್ಲಿಗೆ ಹೋಗು ಅಂತಾರೆ” ಎಂದಳು ಕಾಳಕ್ಕ. “ಪಾಪಣ್ಣ ದಿನಾ ಅದೇ ಬೇಲಿ ಹತ್ರ ಕುಂತು ಎಲೆಡಿಕೆ ಹಾಕ್ಕಂತಾನೆ. ನನ್ನ ನೋಡಿ, ಕುರಿ ಚೆನ್ನಾಗವಾ ಕಾಳಕ್ಕ ಅಂತಾನೆ.”

“ಅದಕ್ಕೆ ನಾನೇನು ಮಾಡಲಿ? ಇವರನ್ನೇ ಕೇಳು, ದುರ್ಗದಿಂದ ಬಂದಿದಾರೆ. ನೀನು ಹೊತ್ಕೊಂಡಾಗಲೇ ಜೀವ ಇರಲಿಲ್ಲ ಅನ್ನೋದಾದ್ರೆ ಮಾತು ಬೇರೆ. ಆಗ ನಾನು ಬರ್ಕೊಳ್ಳಲೇಬೇಕು, ಇವತ್ತೇ ಆ ಪಾಪಣ್ಣನ್ನ ಕರೆಸಲೇಬೇಕು. ಹೇಳು, ಇತ್ತಾ, ಇರಲಿಲ್ವಾ?”

ಇತ್ತು ಎಂದರೆ ಪಾಪಣ್ಣ ಬೇಲಿಯ ಪಕ್ಕದಲ್ಲಿ ಎಲೆಡಿಕೆ ಹಾಕಿಕೊಂಡೇ ಇರುತ್ತಾನೆ. ಇರಲಿಲ್ಲ ಎಂದರೆ, ಹೊರಗಿನ ಹೆಣವನ್ನು ಬೆನ್ನ ಮೇಲೆ ಹೊತ್ತು ತಂದು ಹಟ್ಟಿಯ ಮಣ್ಣಿಗೆ ಸೇರಿಸಿದವಳು ತಾನು ಎಂದು ಯಜಮಾನರ ಎದುರಿಗೇ ಒಪ್ಪಿಕೊಂಡಂತೆ. ಕಾಳಕ್ಕ ಮೊದಲು ಓಬಯ್ಯನವರನ್ನು ನೋಡಿದಳು, ಆಮೇಲೆ ಶಿವಕುಮಾರಪ್ಪನನ್ನು. ಅವನಿಗೆ ನಿಜ ಗೊತ್ತಿತ್ತು. ಈ ಕೋಣೆಯಲ್ಲಿ ಅವಳನ್ನು ಬಿಟ್ಟರೆ ಅವನೊಬ್ಬನಿಗೇ ಗೊತ್ತಿತ್ತು. ಆ ನಿಜವನ್ನು ಈಗ ಬಾಯಿಬಿಟ್ಟರೆ, ನಡುಹಳ್ಳವಾದರೆ ಇಬ್ಬರದೂ ಅಲ್ಲ ಎಂದು ಸಬ್ ಇನ್ಸ್‌ಪೆಕ್ಟರು ಪೆನ್ನು ಮುಚ್ಚಿಡುತ್ತಾರೆ. ಇಷ್ಟು ವರ್ಷ ಅಂಕಿಯೊಂದನ್ನು ಆಚೀಚೆ ಮಾಡದ ಶಿವಕುಮಾರಪ್ಪ ನೆಲ ನೋಡುತ್ತ ನಿಂತ. ಗೋಡೆಗೆ ತಗುಲಿಹಾಕಿದ್ದ ಲಾಟಿಯೊಂದು ಗಾಳಿಗೆ ಸುಣ್ಣ ಕೆರೆಯುತ್ತಿತ್ತು.

“ಇರಲಿಲ್ಲ ಸ್ವಾಮಿ” ಎಂದಳು ಕಾಳಕ್ಕ. “ಅಲ್ಲೇ ಬೇಲಿ ಹತ್ರಾನೇ ಹೋಗಿದ್ದ. ಸತ್ತೋನ್ನೇ ಹೊತ್ಕಂಡು ಹೋದೆ. ಬರ್ಕಳ್ರಿ.”

ಸಬ್ ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಪೇದೆಯನ್ನು ಕರೆದು ಕಾಗದ ತರಿಸಿ, ನಿಧಾನವಾಗಿ, ಗಟ್ಟಿಯಾಗಿ ಓದಿ ಹೇಳುತ್ತ ಬರೆದುಕೊಂಡರು. ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು, ತೋಟದ ಪಾಪಣ್ಣನನ್ನು ಕರೆದುಕೊಂಡು ಬಾ ಎಂದು ಪೇದೆಯನ್ನು ಸೈಕಲ್ಲಿನ ಮೇಲೆ ಕಳಿಸಿದರು. “ನಿಮ್ಮ ಪಟ್ಟಿಗೆ ಒಂದು ಹೆಚ್ಚಾಯ್ತು, ಸಂತೋಷವಾ?” ಎಂದು ಶಿವಕುಮಾರಪ್ಪನನ್ನು ಕೇಳಿದರು. ಅವನು ಕೈಮುಗಿದ.

ಹೊರಗೆ ಓಬಯ್ಯನವರು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಅವಳನ್ನು ಬೈಯುತ್ತಾರೆಂದು ಶಿವಕುಮಾರಪ್ಪ ಕಾದ. ಮುದುಕರು ಬೈಯಲಿಲ್ಲ. “ಎಂಥ ಕೆಲಸ ಮಾಡಿದೆ ತಾಯಿ” ಎಂದರು, ಅಷ್ಟೆ. ಆಮೇಲೆ, ಕಣ್ಣೊರೆಸಿಕೊಂಡು, “ನಾಕು ಜನ ಕುಂತು ಮಾತಾಡ್ತೀವಿ. ಶುದ್ಧಿ ಏನು, ಅವನ ಮಣ್ಣು ಏನ್ಮಾಡಾದು ಅಂತ. ಅಲ್ಲೀ ತನಕ ಹಟ್ಟಿಯೊಳಕ್ಕೆ ಕಾಲಿಡಬ್ಯಾಡ ಕಾಳಕ್ಕ. ನಾನು ಹೇಳ್ಲಿಲ್ಲ ಅಂದ್ರೂ ಆ ಸಾಹೇಬ್ರ ಕಾಗದ ಹೇಳ್ತೈತೆ” ಎಂದರು. ಆಕೆ ಸರಿ ದೊಡ್ಡಪ್ಪ ಎಂದಳು. ಮುದುಕರು ಅಡ್ಡದಾರಿ ಹಿಡಿದು ಮುಂದೆ ಹೋದರು. ಅವರು ಹಿಂತಿರುಗಿ ನೋಡಲಿ ಎಂದು ಶಿವಕುಮಾರಪ್ಪನಿಗೆ ತುಂಬ ಅನ್ನಿಸಿತು, ಅವರು ನೋಡಲಿಲ್ಲ.

ಸಂಜೆಯ ಬಸ್ಸೂ ಆಚೆ ದಡದಿಂದಲೇ ಹೊರಡುವುದಾದ್ದರಿಂದ ಇಬ್ಬರೂ ಮತ್ತೆ ಹಳ್ಳದ ಕಡೆಗೇ ನಡೆದರು. ಬಿಸಿಲು ಇಳಿದಿತ್ತು. ತೋಟದ ಬೇಲಿಯ ಹತ್ತಿರ ಪೇದೆಯ ಸೈಕಲ್ಲು ನಿಂತಿತ್ತು, ಒಳಗೆಲ್ಲೋ ಗಂಡಸರ ದನಿ ಕೇಳುತ್ತಿತ್ತು. ಕಾಳಕ್ಕ ಆ ಕಡೆ ನೋಡಲಿಲ್ಲ. “ಈಗ ಲೆಕ್ಕಕ್ಕೆ ಬಂದ್ನಾ ಸ್ವಾಮಿ?” ಎಂದು ಕೇಳಿದಳು. ಬಂದರು ಎಂದ. “ಯಾವೂರ ಲೆಕ್ಕಕ್ಕೆ?” ಹೊಸದುರ್ಗ ಎಂದ. ಅವಳು ನಡೆಯುತ್ತಲೇ, “ಆ ಊರಿನಾಗೆ ಒಂದು ದಿನ ನಿಂತೋನಲ್ಲ. ಸಂತೆಗೆ ಹೋದ್ರೂ ಹೊತ್ತು ಮುಳುಗೋದ್ರಾಗೆ ಮನೇಗೆ ಬಂದ್ಬಿಡ್ತಿದ್ದ” ಎಂದಳು. ಶಿವಕುಮಾರಪ್ಪನಿಗೆ ತಾನು ಅವಳಿಂದ ಏನನ್ನೋ ಕಿತ್ತುಕೊಂಡು ಹೋಗುತ್ತಿದ್ದೇನೆ ಅನ್ನಿಸಿತು. ನ್ಯಾಯ ಸಿಗುವಂತೆ ಮಾಡಿದೆ ಎಂದು ಹೆಮ್ಮೆಪಡಲು ನೋಡಿದ, ಆಗಲಿಲ್ಲ.

ನಡುಹಳ್ಳಕ್ಕೆ ಬಂದಾಗ ಅವಳು ನಿಂತಳು. “ನೀವು ಹೋಗ್ರಿ ಸ್ವಾಮಿ. ನಾನು ಇಲ್ಲಿಗೇ” ಎಂದು ಮರಳಿನ ಮೇಲೆ ಕೂತಳು. ಆಚೆ ದಡದ ಮೇಲೆ ಹಟ್ಟಿಯ ಸೂರುಗಳಿಂದ ಹೊಗೆ ಏಳುತ್ತಿತ್ತು, ಮಂದೆ ಸೇರುತ್ತಿದ್ದ ಕುರಿಗಳ ಅರಚಾಟ ಕೇಳುತ್ತಿತ್ತು. “ದಡ ಹತ್ತಿದ ಮೇಲೆ ಒಂದು ಕೂಗು ಹಾಕ್ರಿ. ನಿಂಗಕ್ಕ ಅಂತ, ನಮ್ಮ ನಾದಿನಿ. ಕುರಿ ನೋಡ್ಕಳಂಗೆ ಹೇಳ್ರಿ, ಶುದ್ಧಿ ಆಗೋ ತನಕ ನಾನು ಕೂಗಬಾರದು.” ಅವನು ತಲೆಯಾಡಿಸಿ ಮುಂದೆ ನಡೆದ. ಗೆರೆ ದಾಟಿದ. ಏನೂ ಆಗಲಿಲ್ಲ. ಎಲ್ಲಿಯವನೋ ಒಬ್ಬ ಗುಮಾಸ್ತ ಚಪ್ಪಲಿಯಲ್ಲಿ ಮರಳು ತುಂಬಿಕೊಂಡು ದಡ ಹತ್ತಿದರೆ ಯಾರು ಏನು ಕೇಳುತ್ತಾರೆ! ಬಸ್ಸು ಆಗಲೇ ಬಂದು ಹೊಳಲ್ಕೆರೆಯ ಕಡೆಗೆ ಮುಖ ತಿರುಗಿಸಿ ನಿಂತಿತ್ತು. ಕಂಡಕ್ಟರು ಬರ್ರಿ ಬರ್ರಿ ಎಂದು ಕೈಬೀಸಿದ. ಹಟ್ಟಿಯ ಕಡೆ ತಿರುಗಿ ಶಿವಕುಮಾರಪ್ಪ ನಿಂಗಕ್ಕಾ ಎಂದ. ಕಚೇರಿಯಲ್ಲಿ ಗಟ್ಟಿಯಾಗಿ ಕೆಮ್ಮಿಯೂ ಗೊತ್ತಿಲ್ಲದ ಗಂಟಲು, ದನಿ ಹೊರಡಲಿಲ್ಲ. ಮತ್ತೊಮ್ಮೆ, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ. ಬಸ್ಸಿನೊಳಗೆ ಯಾರೋ ನಕ್ಕರು. ಮಂದೆಯ ನಡುವಿನಿಂದ ಒಬ್ಬ ಹೆಂಗಸು ತಲೆಯೆತ್ತಿದಳು.

“ಯಾರ್ರೀ ಅದು?”

“ಕಾಳಕ್ಕ ಹೇಳಿದ್ರು, ಕುರಿ ನೋಡ್ಕೊಬೇಕಂತೆ!”

“ಕಾಳಕ್ಕ ಎಲ್ಲವಳೆ? ಈ ಕಡೆಗೆ ಬಂದ್ಲಾ, ಆ ಕಡೆಗೇ ಇದ್ದಾಳಾ?”

ಅದನ್ನು ಹೇಳುವುದೇ ಅವನ ಉದ್ಯೋಗವಾಗಿತ್ತು. ಅವನು ಹಿಂತಿರುಗಿ ನೋಡಿದ. ಬಿಳಿ ಮರಳಿನ ಮೇಲೆ ಮೊಣಕಾಲು ತಬ್ಬಿಕೊಂಡು, ತನ್ನ ಮನೆಯ ಹೊಗೆಯನ್ನೇ ನೋಡುತ್ತ ಅವಳು ಕೂತಿದ್ದಳು. ಕಂಡಕ್ಟರು ಸೀಟಿ ಊದಿದ. ಶಿವಕುಮಾರಪ್ಪ ಬಸ್ಸಿನ ಕಡೆ ಹೋಗದೆ, ಬಂದ ದಾರಿಯಲ್ಲೇ ದಡ ಇಳಿಯುತ್ತ, ಗಂಟಲು ಹರಿಯುವಂತೆ ಕೂಗಿದ:

“ಇಲ್ಲೇ ಅವಳೆ! ಬರ್ರಿ!”